ದನದ ಕಿವಿಯಲ್ಲಿ ಹಾರ್ಮೋನ್ ಗುಳಿಗೆ: ತೂಕ ಏರುತ್ತೆ, ದರ್ಜೆ?
ನಮ್ಮ ಕಡೆ ದನದ ಕಿವಿಗೆ 12 ಅಂಕಿಯ ಹಳದಿ ಓಲೆ ಹಾಕ್ತಾರೆ. ಅಮೆರಿಕದಲ್ಲಿ ಮಾಂಸಕ್ಕೆಂದೇ ಸಾಕುವ ಬಹುಪಾಲು ದನಗಳಿಗೆ ಕಿವಿಯ ಚರ್ಮದಡಿ ಹಾರ್ಮೋನ್ ಗುಳಿಗೆ ಇಡ್ತಾರೆ. ಕಿವಿಯೇ ಯಾಕೆ? ಕಡಿದ ಮೇಲೆ ಅದನ್ನು ಯಾರೂ ತಿನ್ನಲ್ಲ, ಬಿಸಾಡ್ತಾರೆ.

ಈಸ್ಟ್ರಾಡಯೋಲ್, ಟ್ರೆನ್‌ಬೊಲೋನ್‌ನಂಥ ಹಾರ್ಮೋನ್ ತಿಂಗಳುಗಟ್ಟಲೆ ನಿಧಾನಕ್ಕೆ ರಕ್ತ ಸೇರುತ್ತೆ. ತಿಂದ ಮೇವು ಕೊಬ್ಬಾಗೋದು ಕಮ್ಮಿಯಾಗಿ ಮಾಂಸಖಂಡ ಹೆಚ್ಚು ಬೆಳೆಯುತ್ತೆ. ದಿನಕ್ಕೆ ಏರುವ ತೂಕ ಸುಮಾರು ಶೇ 10ರಿಂದ 20ರಷ್ಟು ಜಾಸ್ತಿ. ಮೇವೂ ಉಳಿತಾಯ.

ಆದ್ರೆ ಪೆಟ್ಟು ಬೀಳೋದು ದರ್ಜೆಗೆ. ಅಲ್ಲಿ ಮಾಂಸದ ಎಳೆಗಳ ನಡುವೆ ಕೊಬ್ಬು ಹೆಚ್ಚಿದ್ದಷ್ಟೂ ಬೆಲೆ. ಗುಳಿಗೆಯ ಡೋಸ್ ಜಾಸ್ತಿಯಾದ್ರೆ ಆ ಕೊಬ್ಬೇ ಇಳಿಯುತ್ತೆ. ಅದನ್ನು ತುಂಬಿಸೋಕೆ ಇನ್ನಷ್ಟು ದಿನ ಮೇಯಿಸಬೇಕು. ಯುರೋಪ್ ಒಕ್ಕೂಟವಂತೂ 1989ರಿಂದ ಇಂಥ ಮಾಂಸವನ್ನು ಒಳಗೇ ಬಿಟ್ಕೊಳ್ತಿಲ್ಲ.