ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿದಾಗ

ಬೆಂಗೇರಿಯಲ್ಲಿ ಚಳಿಗಾಲದ ಬೆಳಗ್ಗೆ ನಲ್ಲಿಯ ನೀರು ಕೈಗೆ ಕೊರೆಯುತ್ತದೆ, ಆದರೆ ಕೊಳವೆಯೊಳಗೆ ಹೆಪ್ಪುಗಟ್ಟುವುದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ತಾಪ 0° ಸೆ.ಗೆ ಇಳಿಯುವುದಿಲ್ಲವಷ್ಟೆ. ಇಲ್ಲಿಂದ ಓದಿಗೋ ಉದ್ಯೋಗಕ್ಕೋ ಶೀತ ದೇಶಗಳಿಗೆ ಹೋದವರಿಗೆ ಮಾತ್ರ ಇದು ನಿಜವಾದ ಸಮಸ್ಯೆ. ಅನೇಕ ಕನ್ನಡ ಕುಟುಂಬಗಳು ನೆಲೆಸಿರುವ ಅಮೆರಿಕದ ಡಲ್ಲಾಸ್‌ನಲ್ಲಿ 2021ರ ಫೆಬ್ರುವರಿ 16ರಂದು ತಾಪ ಸುಮಾರು -19° ಸೆ.ಗೆ ಕುಸಿಯಿತು. ಸೆಕೆಗೆ ಹೆಸರಾದ ಟೆಕ್ಸಾಸ್ ರಾಜ್ಯದ ಮನೆಗಳನ್ನು ಇಂಥ ಚಳಿಗೆಂದು ಕಟ್ಟಿರಲಿಲ್ಲ. ಲಕ್ಷಾಂತರ ಮನೆಗಳಿಗೆ ವಿದ್ಯುತ್ತೂ ಇರಲಿಲ್ಲ. ಅಟ್ಟ, ಗೋಡೆಗಳಲ್ಲಿ ಹಾದುಹೋಗಿದ್ದ ಕೊಳವೆಗಳು ಒಡೆದು ಮನೆಗಳು ಜಲಾವೃತವಾದವು.

ಒಡೆಯುವುದೆಲ್ಲಿ?

ಹೆಚ್ಚಿನ ದ್ರವಗಳು ಘನವಾಗುವಾಗ ಕುಗ್ಗುತ್ತವೆ. ನೀರು ಹಿಗ್ಗುತ್ತದೆ. ಮಂಜುಗಡ್ಡೆಯಲ್ಲಿ ಅಣುಗಳು ನಡುವೆ ತೆರವು ಬಿಟ್ಟು ಷಟ್ಕೋನಾಕಾರದಲ್ಲಿ ಜೋಡಣೆಯಾಗುವುದೇ ಕಾರಣ. ಗಾತ್ರ ಸುಮಾರು 9% ಹೆಚ್ಚುತ್ತದೆ.

ಹಾಗಾದರೆ ಮಂಜು ಕಟ್ಟಿದಲ್ಲೇ ಕೊಳವೆ ಒಡೆಯಬೇಕಲ್ಲವೆ? ಸಾಮಾನ್ಯವಾಗಿ ಹಾಗಾಗುವುದಿಲ್ಲ. ಮಂಜು ಬಿರಡೆಯಂತೆ ಕೊಳವೆಯನ್ನು ಮುಚ್ಚಿ ಬೆಳೆಯುತ್ತದೆ. ಬಿರಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿಗೆ ಹೋಗಲು ದಾರಿಯಿಲ್ಲ. ನೀರನ್ನು ಒತ್ತಿ ಕುಗ್ಗಿಸುವುದು ಬಹಳ ಕಷ್ಟ. ಒತ್ತಡ ವಿಪರೀತ ಏರಿ, ಆ ಭಾಗದಲ್ಲಿ ದುರ್ಬಲವಾದೆಡೆ ಕೊಳವೆ ಬಿರಿಯುತ್ತದೆ. ಮಂಜು ಕರಗಿದ ಮೇಲಷ್ಟೇ ನೀರು ಚಿಮ್ಮುವುದರಿಂದ ಹಾನಿ ತಡವಾಗಿ ಗೊತ್ತಾಗುತ್ತದೆ.

ಪರಿಹಾರವೂ ಇಲ್ಲೇ ಇದೆ: ನಲ್ಲಿ ತೆರೆದಿರಬೇಕು.

ಮಾಡಬೇಕಾದ್ದು

* ಕೊಳವೆಗಳಿಗೆ ಉಷ್ಣ ನಿರೋಧಕ ಹೊದಿಕೆ ಸುತ್ತಿ. ಕಡುಚಳಿಯ ರಾತ್ರಿ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿರಲಿ. ಒತ್ತಡಕ್ಕೆ ದಾರಿ ಸಿಗುತ್ತದೆ.
* ನೀರು ಬಾರದಿದ್ದರೆ ಕೊಳವೆ ಒಡೆದಿದೆಯೇ ನೋಡಿ. ಒಡೆದಿದ್ದರೆ ಮುಖ್ಯ ವಾಲ್ವ್ ಮುಚ್ಚಿ.
* ಒಡೆದಿಲ್ಲವಾದರೆ ನಲ್ಲಿ ತೆರೆದು, ನಲ್ಲಿಯ ಕಡೆಯಿಂದ ಆರಂಭಿಸಿ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಕೊಳವೆಯನ್ನು ನಿಧಾನವಾಗಿ ಬೆಚ್ಚಗಾಗಿಸಿ. ಕರಗಿದ ನೀರು ಹೊರಬರುತ್ತದೆ.
* ಬೆಂಕಿಯ ಜ್ವಾಲೆ ಸಲ್ಲದು: ಮನೆಗೆ ಬೆಂಕಿ ತಗಲಬಹುದು, ಒಳಗಿನ ನೀರು ಆವಿಯಾಗಿ ಕೊಳವೆ ಸಿಡಿಯಬಹುದು. ನೀರು ನಿಂತಲ್ಲಿ ವಿದ್ಯುತ್ ಉಪಕರಣ ಬಳಸಬಾರದು.

ಮಾಡಿ ನೋಡಿ

ಪ್ಲಾಸ್ಟಿಕ್ ಅಳತೆ ಜಾಡಿಯಲ್ಲಿ 50 ಮಿ.ಲೀ. ನೀರು ತುಂಬಿ, ಬಾಯಿ ಮುಚ್ಚದೆ ಫ್ರೀಜರಿನಲ್ಲಿಡಿ. (ಗಾಜಿನದು ಬೇಡ, ಒಡೆದೀತು.) ಮರುದಿನ ಮಟ್ಟ 54 ಮಿ.ಲೀ.ನ ಆಸುಪಾಸಿನಲ್ಲಿರುತ್ತದೆ. ಈಗ ವಿದ್ಯಾರ್ಥಿಗಳನ್ನು ಕೇಳಿ: ಎರಡೂ ಕಡೆ ಮುಚ್ಚಿದ ಕೊಳವೆಯಲ್ಲಿ ಈ ಹೆಚ್ಚುವರಿ 4 ಮಿ.ಲೀ.ಗೆ ಜಾಗವೆಲ್ಲಿದೆ?