ಸೂಜಿ ಒಬ್ಬರಿಗೆ, ಲೆಕ್ಕ ಇಬ್ಬರಿಗೆ

ಶಾಸ್ತ್ರಿ ಸರ್ಕಲಿನ ಯಾವ ಹೋಟೆಲಿಗೆ ಹೊಕ್ಕರೂ 'ಒಂದು ಚಾ, ಸಕ್ಕರೆ ಬೇಡ' ಎನ್ನುವ ಗಿರಾಕಿ ಇದ್ದೇ ಇರುತ್ತಾರೆ. ಸಕ್ಕರೆ ಕಾಯಿಲೆ ಕುಂದಾಪುರಕ್ಕಾಗಲಿ, ಬೈಂದೂರು, ಬ್ರಹ್ಮಾವರಕ್ಕಾಗಲಿ ಹೊಸ ಸುದ್ದಿಯಲ್ಲ. ಆದರೆ ಅದೇ ಹೆಸರಿನಲ್ಲಿ ಮನೆ ಹೊಕ್ಕುವ ಇನ್ನೊಂದು ಕಾಯಿಲೆಯ ಗುರುತು ಹೆಚ್ಚಿನವರಿಗಿಲ್ಲ.

ವಯಸ್ಸು ಮೂವತ್ತು ದಾಟಿದೆ. ಮೈ ಹೆಚ್ಚಾಗಿ ಸಪೂರ. ಬಾಯಾರಿಕೆ, ರಾತ್ರಿ ನಾಲ್ಕು ಸಲ ಏಳುವುದು, ತೂಕ ಇಳಿತ. ಮಾತ್ರೆ ಶುರು ಮಾಡಿದರೆ ಕೆಲವು ತಿಂಗಳು ಸರಿ. ಆಮೇಲೆ ಮಾತ್ರೆ ಹೆಚ್ಚಿಸಿದರೂ ಸಕ್ಕರೆ ಇಳಿಯುವುದಿಲ್ಲ. ಆಗ ಮನೆಯಲ್ಲಿ ತಕರಾರು: 'ಹ್ವಾಯ್, ನೀವ್ ಕದ್ಕಂಡ್ ಎಂತ ತಿಂತ್ರಿ?'

ಪಾಪ, ಏನೂ ತಿಂದಿರುವುದಿಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ದೇಹದ ರಕ್ಷಣಾ ಪಡೆಯೇ ಶತ್ರು ಎಂದು ತಿಳಿದು ನಿಧಾನವಾಗಿ ಕೊಲ್ಲುತ್ತಿರುತ್ತದೆ. ಬೇಲಿಯೇ ಹೊಲ ಮೇಯ್ದಂತೆ! 1990ರ ದಶಕದಲ್ಲಿ ಇದಕ್ಕೆ 'ಲಾಡಾ' ಎಂಬ ಹೆಸರು ಬಂತು. ಜಿಎಡಿ ಆಂಟಿಬಾಡಿ ಮತ್ತು ಸಿ-ಪೆಪ್ಟೈಡ್ ಎಂಬ ಎರಡು ರಕ್ತಪರೀಕ್ಷೆಗಳಿಂದ ಗುರುತು ಸಿಗುತ್ತದೆ. ಮಾತ್ರೆ ನಾಟದ ಸಪೂರ ರೋಗಿಯ ಮನೆಯವರು ಡಾಕ್ಟರರ ಹತ್ತಿರ ಈ ಪರೀಕ್ಷೆಯ ಬಗ್ಗೆ ಕೇಳುವುದರಲ್ಲಿ ತಪ್ಪಿಲ್ಲ.

ಸೂಜಿ ಎಂದರೆ ಕೊನೆಗಾಲವೇ?

'ಇನ್ಸುಲಿನ್ ಸುರುವಾಯ್ತಾ? ಹಾಗಾದ್ರೆ ಮುಗೀತು' ಎನ್ನುವ ನೆಂಟರು ಪ್ರತಿ ಊರಿನಲ್ಲೂ ಇದ್ದಾರೆ. ಸತ್ಯ ತಿರುಗಾಮುರುಗಾ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೋದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅದಕ್ಕೆ ಮೊದಲು ಇನ್ಸುಲಿನ್ ಬತ್ತಿದವರಿಗೆ ಬದುಕೇ ಇರಲಿಲ್ಲ. ಲಾಡಾದಲ್ಲಿ ಕೆಲವರಿಗೆ ಬೇಗ, ಕೆಲವರಿಗೆ ವರ್ಷಗಳ ನಂತರ ಸೂಜಿ ಬೇಕಾಗುತ್ತದೆ. ಅದು ರೋಗಿಯ ಸೋಲಲ್ಲ, ಮನೆಯವರ ಅಪರಾಧವೂ ಅಲ್ಲ.

ಬಾಟ್ಲಿ ಇಡುವ ಕ್ರಮ ಮನೆಯಲ್ಲಿ ಇಬ್ಬರಿಗೂ ಗೊತ್ತಿರಲಿ. ತೆರೆಯದ್ದು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಐಸ್ ಕಟ್ಟುವ ಖಾನೆಯಲ್ಲಿಟ್ಟರೆ ಹಾಳು. ತೆರೆದದ್ದು ತಂಪು ಜಾಗದಲ್ಲಿ ಸಾಮಾನ್ಯವಾಗಿ 28 ದಿನ ಬಾಳುತ್ತದೆ. ಮಳೆಗಾಲದಲ್ಲಿ ಕರೆಂಟು ಕೈಕೊಟ್ಟರೆ ಒದ್ದೆ ಮಣ್ಣಿನ ಮಡಕೆಯೂ ಉಪಕಾರಕ್ಕೆ ಬರುತ್ತದೆ. ಬೆಂಗಳೂರು, ಮುಂಬಯಿಯ ಹೋಟೆಲ್ ಕೆಲಸಕ್ಕೆ ರಾತ್ರಿ ಬಸ್ ಹತ್ತುವವರು ಬಾಟ್ಲಿಯನ್ನು ಡಿಕ್ಕಿಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು.

ಹೆಂಗಸರ ಊಟದ ಹೊತ್ತು

ಕಾಯಿಲೆ ಗಂಡನಿಗಾದರೆ ಹೆಂಡತಿ ಹೊತ್ತುಹೊತ್ತಿಗೆ ಬಡಿಸುತ್ತಾಳೆ. ಹೆಂಡತಿಗಾದರೆ? ಸೂಜಿ ಚುಚ್ಚಿಕೊಂಡು, ಮಕ್ಕಳಿಗೆ, ಅತ್ತೆಗೆ, ಅಂಗಡಿಯಿಂದ ಬಂದ ಯಜಮಾನರಿಗೆ ಬಡಿಸಿ, ತಾನು ಉಣ್ಣುವಾಗ ಗಂಟೆ ಎರಡೂವರೆ! ಊಟದ ಇನ್ಸುಲಿನ್ ಒಳಗೆ ಹೋದ ಮೇಲೆ ಊಟ ತಡವಾದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಇಂಥ ಮನೆಯಲ್ಲಿ ಮೊದಲ ಬಟ್ಟಲು ಆಕೆಗೇ ಬೀಳಬೇಕು. ಶನಿವಾರದ ಒಪ್ಪೊತ್ತು, ಏಕಾದಶಿಗಳಿದ್ದರೆ ಮೊದಲೇ ಡಾಕ್ಟರರನ್ನು ಕೇಳಿ ಸೂಜಿಯ ಅಳತೆ ಬದಲಿಸಿಕೊಳ್ಳಬೇಕು. ಕುಚ್ಚಲಕ್ಕಿ ಗಂಜಿಯಾದರೂ ಅನ್ನ ಅನ್ನವೇ. ಬಿಡಬೇಕೆಂದಿಲ್ಲ, ಅಳತೆ ತಪ್ಪಬಾರದು.

ಕುಡಿದವರಲ್ಲ ಸ್ವಾಮಿ

ಬಸ್ಸಿನಲ್ಲಿ ಒಬ್ಬರು ಬೆವರುತ್ತಾರೆ, ನಡುಗುತ್ತಾರೆ, ಮಾತು ತೊದಲುತ್ತದೆ, ಕಂಡಕ್ಟರನ ಮೇಲೆ ಸುಮ್ಮನೆ ರೇಗುತ್ತಾರೆ. 'ಬೆಳಿಗ್ಗೆಯೇ ಹಾಕ್ಕೊಂಡಿದ್ದಾನೆ' ಎಂದು ಮುಖ ತಿರುಗಿಸಬೇಡಿ. ಸಕ್ಕರೆ 70ಕ್ಕಿಂತ ಕೆಳಗಿಳಿದರೂ ಹೀಗೇ ಆಗುತ್ತದೆ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷದಲ್ಲಿ ಚೇತರಿಸದಿದ್ದರೆ ಇನ್ನೊಮ್ಮೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಗಲ್ಲಾಪೆಟ್ಟಿಗೆ ಹತ್ತಿರ ಗ್ಲುಕೋಸ್ ಪ್ಯಾಕೆಟ್ ಒಂದಿದ್ದರೆ ಅಂಗಡಿಯವರಿಗೆ ನಷ್ಟವೇನು? ರೋಗಿಯ ಕಿಸೆಯಲ್ಲಿ 'ಇನ್ಸುಲಿನ್ ತೆಗೆದುಕೊಳ್ಳುವವರು' ಎಂಬ ಚೀಟಿ, ಮನೆಯ ಫೋನ್ ನಂಬರು ಇರಲಿ.

ಬಿಡಿಸುವ ಹಿತೈಷಿಗಳು

ದೊಡ್ಡ ಅಪಾಯ ಬರುವುದು 'ಕಷಾಯ ಕುಡಿ, ಸೂಜಿ ಬಿಡು' ಎನ್ನುವವರಿಂದ. ಇನ್ಸುಲಿನ್ ಬೇಕಾದವರು ಅದನ್ನು ಬಿಟ್ಟರೆ ರಕ್ತದಲ್ಲಿ ಆಮ್ಲ ತುಂಬುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ. ಗ್ಯಾಸ್ ಎಂದು ಸೋಡ ಕುಡಿಸಿ ಕಾಯುತ್ತ ಕೂತರೆ ಪ್ರಾಣಕ್ಕೇ ಸಂಚಕಾರ. ನೇರ ಕುಂದಾಪುರದ ಸರ್ಕಾರಿ ಆಸ್ಪತ್ರೆಗೋ ಮಣಿಪಾಲಕ್ಕೋ ಹೊರಡಬೇಕು. ಜ್ವರ ಬಂದು ಊಟ ಸೇರದ ದಿನವೂ ತಮ್ಮಷ್ಟಕ್ಕೆ ಸೂಜಿ ನಿಲ್ಲಿಸಬಾರದು, ಡಾಕ್ಟರರನ್ನೇ ಕೇಳಬೇಕು.

ಗಂಡ ಹೆಂಡತಿಯ ತಟ್ಟೆಗೆ, ಹೆಂಡತಿ ಗಂಡನ ತಟ್ಟೆಗೆ ಪೊಲೀಸಾದರೆ ಸಕ್ಕರೆ ಇಳಿಯುವುದಿಲ್ಲ, ಮಾತು ನಿಲ್ಲುತ್ತದೆ ಅಷ್ಟೆ. ಮಾತು ನಿಂತ ಮನೆಯಲ್ಲಿ ರೋಗಿ ಬೆವರಿದ್ದನ್ನೂ ಹೇಳುವುದಿಲ್ಲ, ಸೂಜಿ ತಪ್ಪಿದ್ದನ್ನೂ ಹೇಳುವುದಿಲ್ಲ. ಮುಂದಿನ ಸಲ ಡಾಕ್ಟರರ ಹತ್ತಿರ ಹೋಗುವಾಗ ಟೋಕನ್ ಒಂದೇ ಇರಲಿ, ಒಳಗೆ ಹೋಗುವವರು ಇಬ್ಬರಿರಲಿ.