ಹಾಲಿ ಅಧ್ಯಕ್ಷರು ಹಿಂದೆ ಸರಿದರೆ

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಹಾಲಿ ಅಧ್ಯಕ್ಷರೇ ಕಣಕ್ಕಿಳಿದ ಚುನಾವಣೆಗಳು 12. ಎಂಟರಲ್ಲಿ ಅವರು ಗೆದ್ದರು. ಹಾಲಿ ಅಧ್ಯಕ್ಷರು ಕಣದಲ್ಲಿಲ್ಲದ ಚುನಾವಣೆಗಳು 8. ಅವರ ಪಕ್ಷ ಗದ್ದುಗೆ ಉಳಿಸಿಕೊಂಡದ್ದು ಒಂದೇ ಸಲ, 1988ರಲ್ಲಿ, ರೇಗನ್ ನಂತರ ಹಿರಿಯ ಬುಷ್ ಗೆದ್ದಾಗ. ಈ ಅಂಕಿಗಳನ್ನು ಕಂಡ ಯಾವ ಪಕ್ಷವಾದರೂ ಅಧ್ಯಕ್ಷರ ಕೈಕಾಲು ಹಿಡಿದಾದರೂ ಮತ್ತೆ ನಿಲ್ಲಿಸೀತು.

ಆದರೆ ಲೆಕ್ಕ ಇಷ್ಟು ಸರಳವಲ್ಲ. ಆ ಎಂಟರಲ್ಲಿ ಐದು ಸಲ, ಎರಡೇ ಅವಧಿ ಎನ್ನುವ ಸಂವಿಧಾನದ 22ನೇ ತಿದ್ದುಪಡಿಯಿಂದಾಗಿ ಅಧ್ಯಕ್ಷರು ನಿಲ್ಲುವಂತೆಯೇ ಇರಲಿಲ್ಲ. ಅವಕಾಶವಿದ್ದೂ ಹಿಂದೆ ಸರಿದವರು ಮೂವರು: 1952ರಲ್ಲಿ ಟ್ರೂಮನ್, 1968ರಲ್ಲಿ ಲಿಂಡನ್ ಜಾನ್ಸನ್, 2024ರಲ್ಲಿ ಬೈಡನ್. ಮೂರು ಸಲವೂ ಡೆಮಾಕ್ರಟಿಕ್ ಪಕ್ಷ ಸೋತಿತು.

ಸರಿದದ್ದಕ್ಕೆ ಸೋತರೋ, ಸೋಲು ಕಂಡಿದ್ದಕ್ಕೆ ಸರಿದರೋ? ಗ್ಯಾಲಪ್ ಸಮೀಕ್ಷೆಯಲ್ಲಿ ಟ್ರೂಮನ್ ಜನಪ್ರಿಯತೆ ಶೇ 22ಕ್ಕೆ ಕುಸಿದಿತ್ತು. ಬೈಡನ್ ಅವರದು 2024ರ ಜುಲೈನಲ್ಲಿ ಶೇ 36. ವಿಯೆಟ್ನಾಂ ಯುದ್ಧದಲ್ಲಿ ಸಿಲುಕಿದ್ದ ಜಾನ್ಸನ್, ನ್ಯೂ ಹ್ಯಾಂಪ್‌ಶೈರ್‌ನ ಪ್ರಾಥಮಿಕ ಚುನಾವಣೆಯಲ್ಲಿ ಸ್ವಪಕ್ಷದ ಮೆಕಾರ್ಥಿ ಎದುರು ಪ್ರಯಾಸದಿಂದ ಗೆದ್ದಿದ್ದರು. ತೀವ್ರ ನಿಗಾ ಘಟಕದಲ್ಲಿ ಸಾವು ಹೆಚ್ಚೆಂದು ಯಾರೂ ಆ ಘಟಕವನ್ನು ದೂರುವುದಿಲ್ಲ. ಅಲ್ಲಿಗೆ ಹೋಗುವವರೇ ಕಾಯಿಲೆ ಬಿಗಡಾಯಿಸಿದವರು. ಗಟ್ಟಿಯಾಗಿದ್ದ ಅಧ್ಯಕ್ಷರು ಸರಿದದ್ದೂ ಉಂಟು: ಆರ್ಥಿಕತೆ ಏರುಮುಖದಲ್ಲಿದ್ದ 1927ರಲ್ಲಿ ಕೂಲಿಜ್ ತಾವು ಮತ್ತೆ ನಿಲ್ಲುವುದಿಲ್ಲ ಎಂದರು. ಮರುವರ್ಷ ಅವರದೇ ಪಕ್ಷದ ಹೂವರ್ 531 ಎಲೆಕ್ಟೋರಲ್ ಮತಗಳಲ್ಲಿ 444 ಬಾಚಿಕೊಂಡರು.

ಇನ್ನೊಂದು ಸಿಕ್ಕು ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ. 2024 ಬಿಟ್ಟರೆ, ಹಾಲಿ ಅಧ್ಯಕ್ಷರಿಲ್ಲದ ಎಲ್ಲ ಚುನಾವಣೆಗಳೂ ನಡೆದದ್ದು ಅವರ ಪಕ್ಷ ಕನಿಷ್ಠ ಎಂಟು ವರ್ಷ ಆಳಿದ ಮೇಲೆ. ಟ್ರೂಮನ್ ಕಾಲಕ್ಕೆ ಇಪ್ಪತ್ತು ವರ್ಷವೇ ಆಗಿತ್ತು. ಸೋಲಿಸಿದ್ದು ಅಧ್ಯಕ್ಷರ ಗೈರೋ, ಪಕ್ಷದ ಬಗ್ಗೆ ಮತದಾರರಿಗೆ ಬಂದ ಬೇಸರವೋ? ಹಾಲಿ ಅಧ್ಯಕ್ಷರು ನಿಂತ 12 ಚುನಾವಣೆಗಳನ್ನೂ ಇದೇ ರೀತಿ ಬಿಡಿಸಿ ನೋಡಿ. ಪಕ್ಷ ನಾಲ್ಕೇ ವರ್ಷ ಆಳಿದ್ದ ಒಂಬತ್ತರಲ್ಲಿ ಗೆಲುವು ಏಳು. ಅದಕ್ಕಿಂತ ಹೆಚ್ಚು ಆಳಿದ್ದ ಮೂರರಲ್ಲಿ ಗೆದ್ದವರು 1948ರ ಟ್ರೂಮನ್ ಒಬ್ಬರೇ. ಫೋರ್ಡ್, ಹಿರಿಯ ಬುಷ್ ಇಬ್ಬರೂ ಸೋತರು. ಅಂದರೆ ಅಧ್ಯಕ್ಷರೇ ನಿಂತರೂ ಬೇಸರ ಬಿಡುವುದಿಲ್ಲ. ರಾಜಕೀಯ ವಿಜ್ಞಾನಿ ಅಲನ್ ಅಬ್ರಮೊವಿಟ್ಜ್ ಅವರ ಮುನ್ಸೂಚನಾ ಮಾದರಿ ಇದನ್ನೂ ನೆಚ್ಚಿಕೊಂಡಿದೆ: ಅಧ್ಯಕ್ಷರ ಜನಪ್ರಿಯತೆ, ಆರ್ಥಿಕ ಬೆಳವಣಿಗೆ, ಪಕ್ಷ ಅಧಿಕಾರದಲ್ಲಿದ್ದ ಅವಧಿ, ಈ ಮೂರೇ ಸಾಕು ಎನ್ನುತ್ತದೆ.

ಇತಿಹಾಸಕಾರ ಅಲನ್ ಲಿಕ್ಟ್‌ಮನ್ 1981ರಲ್ಲಿ ಸೋವಿಯತ್ ಭೂಕಂಪತಜ್ಞ ಕೈಲಿಸ್-ಬೊರೊಕ್ ಜೊತೆ ಸೇರಿ, ಭೂಕಂಪದ ಮುನ್ಸೂಚನೆಗೆ ಬಳಸುವ ವಿಧಾನದಲ್ಲೇ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ಊಹಿಸುವ 13 ಪ್ರಶ್ನೆಗಳನ್ನು ರೂಪಿಸಿದರು. ಹಾಲಿ ಅಧ್ಯಕ್ಷರೇ ಅಭ್ಯರ್ಥಿಯೇ ಎಂಬುದು ಅವುಗಳಲ್ಲೊಂದು. ಆ ಅಂಶ ಕಳೆದುಕೊಂಡರೂ, ಬೈಡನ್ ಬದಲಿಗೆ ನಿಂತ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಗೆಲ್ಲುತ್ತಾರೆಂದು ಲಿಕ್ಟ್‌ಮನ್ 2024ರಲ್ಲಿ ನುಡಿದರು. ಅದು ತಪ್ಪಾಯಿತು.

ಉತ್ತರಾಧಿಕಾರಿಯ ಪಾಡನ್ನು ಮಾತ್ರ ಯಾವ ಸೂತ್ರವೂ ಚೆನ್ನಾಗಿ ಅಳೆಯುವುದಿಲ್ಲ. ಜಾನ್ಸನ್ ಅವರ ಉಪಾಧ್ಯಕ್ಷ ಹಂಫ್ರಿ, ವಿಯೆಟ್ನಾಂನಲ್ಲಿ ಬಾಂಬ್ ದಾಳಿ ನಿಲ್ಲಿಸುವ ಮಾತಾಡಿ ತಮ್ಮ ನಾಯಕರಿಂದ ತುಸು ದೂರ ಸರಿದದ್ದು ಸೆಪ್ಟೆಂಬರ್ 30ರಂದು. ಅಲ್ಲಿಯವರೆಗೆ ಸಮೀಕ್ಷೆಗಳಲ್ಲಿ ಬಹಳ ಹಿಂದಿದ್ದವರು, ಕೊನೆಗೆ ನಿಕ್ಸನ್ ಎದುರು ಸೋತದ್ದು ಶೇ 1ಕ್ಕಿಂತ ಕಡಿಮೆ ಮತಗಳಿಂದ. ಹ್ಯಾರಿಸ್ ಅವರಿಗೆ ಪ್ರಚಾರಕ್ಕೆ ಸಿಕ್ಕಿದ್ದು 107 ದಿನ. ಬೈಡನ್‌ಗಿಂತ ಬೇರೆ ಏನು ಮಾಡುತ್ತಿದ್ದಿರಿ ಎಂದು ಅಕ್ಟೋಬರ್‌ನಲ್ಲಿ ಟೀವಿಯಲ್ಲಿ ಕೇಳಿದಾಗ, ಅವರಿಗೆ ತಕ್ಷಣ ಏನೂ ಹೊಳೆಯಲಿಲ್ಲ.